ಲೋಕನಾಥ ರೈಗಳ ವಿಯೆಟ್ನಾಂ ಊಟ

ಸಮಸ್ತ ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬಂಟ್ವಾಳದ ಒಂದು ಕಚೇರಿಯ ದಾಖಲೆ ಕೋಣೆಯ ಗುಮಾಸ್ತರಾದ ಶ್ರೀ ಲೋಕನಾಥ ರೈ, ಪ್ರಾಯ ನಲ್ವತ್ತೊಂಬತ್ತು, ಅವಿವಾಹಿತರು, ಇವರು ಈ ಶನಿವಾರ ಮಧ್ಯಾಹ್ನದ ಮೇಲೆ ಅರ್ಧ ದಿನದ ರಜೆ ಹಾಕಿರುತ್ತಾರೆ. ಕಾರಣ: ಸ್ವಂತ ಕೆಲಸ.

ಇದರಲ್ಲಿ ಸುದ್ದಿ ಎಂತದ್ದು ಎಂದು ನೀವು ಕೇಳಬಹುದು. ಇಪ್ಪತ್ತನಾಲ್ಕು ವರ್ಷದ ಸೇವೆಯಲ್ಲಿ ರೈಗಳು ಈ ಎರಡು ಶಬ್ದ ಬರೆದದ್ದು ಇದೇ ಮೊದಲು. ಅವರಿಗೆ ಜ್ವರ ಬಂದದ್ದುಂಟು. ನೇತ್ರಾವತಿ ಉಕ್ಕಿ ಪೇಟೆಗೆ ನೆರೆ ಬಂದದ್ದುಂಟು. ಸ್ವಂತ ಕೆಲಸ ಮಾತ್ರ ಬಂದದ್ದಿಲ್ಲ. ಕೆಲಸ ಬೇಕಾದಷ್ಟು ಇತ್ತು, ಸ್ವಂತ ಎಂಬುದು ಇರಲಿಲ್ಲ.

ಈ ಅರ್ಜಿ ಸಾಹೇಬರ ಮೇಜಿಗೆ ಹೋಗುವ ಮೊದಲು ಶಿವಸುಬ್ರಹ್ಮಣ್ಯ ಭಟ್ಟರ ಮೇಜನ್ನು ಹಾದು ಹೋಗಬೇಕಿತ್ತು. ತೊಂದರೆ ಶುರುವಾದದ್ದು ಅಲ್ಲಿ. ಭಟ್ಟರು ಆವಕ-ಜಾವಕ, ಅಂದರೆ ಬರುವ-ಹೋಗುವ ಕಾಗದಗಳ ವಿಭಾಗದವರು. ಕಚೇರಿಗೆ ಬಂದ ಲಕೋಟೆಯನ್ನು ನಾಲ್ಕು ದಿನ ಬಿಟ್ಟು ಒಡೆಯುತ್ತಿದ್ದರು, ಇನ್ನೊಬ್ಬರ ಗುಟ್ಟನ್ನು ನಾಲ್ಕು ನಿಮಿಷದಲ್ಲಿ.

"ರೈಗಳೇ, ಸ್ವಂತ ಕೆಲಸ ಅಂದ್ರೆ ಎಂತ?"

"ಸ್ವಂತ ಅಂದ್ರೆ ಸ್ವಂತ, ಭಟ್ರೇ."

"ಹಲ್ಲು ಕೀಳಿಸ್ಲಿಕ್ಕಾ?"

"ಅಲ್ಲ."

"ಅಲ್ಲ ಅಂತ ನಂಗೂ ಗೊತ್ತುಂಟು. ಹಲ್ಲು ಕೀಳುವವನಿಗೆ ತೋರಿಸ್ಲಿಕ್ಕೆ ಯಾರೂ ಹೊಸ ಅಂಗಿ ಹಾಕುದಿಲ್ಲ."

ಪಕ್ಕದ ಕಂಪ್ಯೂಟರಿನ ಹಿಂದಿನಿಂದ ವಿಜೇತಾ ತಲೆ ಎತ್ತಿದಳು. ಕಚೇರಿಯಲ್ಲಿ ಎಲ್ಲರಿಗಿಂತ ಕಿರಿಯಳು, ಮೂಗು ಎಲ್ಲರಿಗಿಂತ ಚುರುಕು. "ಸೆಂಟು ಕೂಡ ಉಂಟು ಭಟ್ ಸರ್. ಫೈಲಿನ ಧೂಳಿನ ವಾಸನೆ ಇವತ್ತು ಬರುದೇ ಇಲ್ಲ."

ಹತ್ತೂವರೆ ಆಗುವಷ್ಟರಲ್ಲಿ ವಿಷಯ ಪೂರ್ತಿ ಹೊರಗೆ ಬಂದಿತ್ತು. ಮೂಡುಬಿದಿರೆಯಲ್ಲಿ ಹೊಸ ಮಾಲ್ ಆಗಿದೆ. ಸಾವಿರ ಕಂಬದ ಊರಿಗೆ ಒಂದು ಎಸ್ಕಲೇಟರ್ ಬಂದಿದೆ. ಅದರ ತುದಿಯಲ್ಲಿ, ಎರಡನೇ ಮಾಳಿಗೆಯಲ್ಲಿ, ವಿಯೆಟ್ನಾಂ ಊಟದ ಹೋಟೆಲು. ಅಲ್ಲಿ ರೈಗಳು ಒಂದು ಗಂಟೆಗೆ ಮೇಜು ಹೇಳಿಟ್ಟಿದ್ದಾರೆ. ಇಬ್ಬರಿಗೆ.

ವಿಯೆಟ್ನಾಂ ಎಂದಾಗ ಕಚೇರಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಇಬ್ಬರಿಗೆ ಎಂದಾಗ ಫ್ಯಾನು ಕೂಡ ಒಂದು ಸುತ್ತು ನಿಂತು ಕೇಳಿದಂತೆ ಆಯಿತು.

ಎರಡನೆಯವರು ಕಾಂತಿ ಶೆಟ್ಟಿ. ಉಜಿರೆಯ ಕಾಲೇಜೊಂದರ ಲೈಬ್ರೆರಿಯನ್, ನಲ್ವತ್ತೈದು ವರ್ಷ, ಅವರಿಗೂ ಮದುವೆ ಆಗಿಲ್ಲ. ನೆರಿಯದವರಾಗಿದ್ದ, ತೀರಿಹೋದ ತಂದೆಯ ಹೆಸರಿನಲ್ಲಿ ಬಂಟ್ವಾಳದ ಕಡೆ ಇದ್ದ ಜಾಗದ ಪಹಣಿ ಸರಿಮಾಡಿಸಲು ಐದು ಸಲ ಕಚೇರಿಗೆ ಬಂದಿದ್ದರು. ಐದನೇ ಸಲಕ್ಕೆ ಕೆಲಸ ಮುಗಿಯಿತು. ಆರನೇ ಸಲವೂ ಬಂದರು. "ಇಲ್ಲೇ ಹತ್ತಿರ ಬಂದಿದ್ದೆ, ಹಾಗೆ" ಎಂದು ಹೇಳಿ ಒಂದು ಬಾಟಲಿ ಮಾವಿನ ಮಿಡಿ ಉಪ್ಪಿನಕಾಯಿ ಕೊಟ್ಟು ಹೋದರು. ಉಜಿರೆಯಿಂದ ಬಂಟ್ವಾಳ ಯಾರಿಗೂ ಇಲ್ಲೇ ಹತ್ತಿರ ಅಲ್ಲ. ರೈಗಳು ಆ ಬಾಟಲಿಯನ್ನು ಇನ್ನೂ ತೆರೆದಿರಲಿಲ್ಲ. ತೆರೆದರೆ ಮುಗಿಯುತ್ತದೆ.

ಆಮೇಲೆ ಆಗೊಮ್ಮೆ ಈಗೊಮ್ಮೆ ಫೋನು. ಒಂದು ಸಲ ಕಾಂತಿ, "ಮೂಡುಬಿದಿರೆಯಲ್ಲಿ ಎಂತದೋ ವಿಯೆಟ್ನಾಂ ಊಟ ಬಂದಿದೆಯಂತೆ, ಕಾಲೇಜಿನ ಮಕ್ಕಳು ಹೇಳ್ತಾರೆ. ಒಬ್ಬಳೇ ಹೇಗೆ ಹೋಗುದು" ಎಂದಿದ್ದರು. ರೈಗಳು ಇದಕ್ಕೆ ಉತ್ತರ ಯೋಚಿಸಲು ಒಂಬತ್ತು ದಿನ ತೆಗೆದುಕೊಂಡರು. ಹತ್ತನೇ ದಿನ ಫೋನು ಮಾಡಿ, "ಇಬ್ಬರು ಹೋಗಬಹುದಲ್ಲ" ಎಂದರು.

"ಅದೆಲ್ಲ ಸರಿ," ಎಂದರು ಭಟ್ಟರು. "ಊಟ ಮಾಡಿ ಎಂತ ಮಾಡ್ತೀರಿ?"

"ಕೈ ತೊಳೀತೇನೆ."

"ಅದಲ್ಲ ಮಾರಾಯ್ರೆ. ಮದುವೆ ವಿಷಯ ಕೇಳ್ತೀರಾ ಇಲ್ವಾ?"

ರೈಗಳು ಮೇಜಿನ ಮೇಲಿದ್ದ ಗುಂಡುಸೂಜಿಗಳನ್ನು ಒಂದೇ ದಿಕ್ಕಿಗೆ ಜೋಡಿಸತೊಡಗಿದರು. ಅವರ ಲೆಕ್ಕದಲ್ಲಿ ಇದ್ದದ್ದು ಊಟ ಮಾತ್ರ. ಎದುರಿಗೆ ಒಬ್ಬರು ಕೂತು, ಉಪ್ಪು ಈಚೆಗೆ ಕೊಡಿ ಎಂದು ಹೇಳುವಂತಹ ಊಟ. ಅದರ ಆಚೆಗೆ ಯೋಚಿಸಲು ಅವರಿಗೆ ಧೈರ್ಯ ಇರಲಿಲ್ಲ.

"ಬರಿ ನೋಡಿದ್ದೀರಾ?" ಭಟ್ಟರು ಬಿಡಲಿಲ್ಲ.

ಬಂಟರಲ್ಲಿ ಬರಿ ಎಂದರೆ ಮನೆತನದ ಬಳ್ಳಿ. ಒಂದೇ ಬರಿಯ ಗಂಡೂ ಹೆಣ್ಣೂ ಜನ್ಮದಲ್ಲಿ ಒಬ್ಬರನ್ನೊಬ್ಬರು ನೋಡದಿದ್ದರೂ ಅಣ್ಣ ತಂಗಿ. ಮದುವೆಯ ಮಾತೇ ಇಲ್ಲ. ಹಾಗೆಂದು ಹೋಗಿ ಹೆಣ್ಣಿನ ಹತ್ತಿರ ಬರಿ ಕೇಳಿದರೆ, ಮದುವೆ ಆಗ್ತೀರಾ ಎಂದು ಮೈಕಿನಲ್ಲಿ ಕೇಳಿದ ಹಾಗೆ.

"ನಾನು ಹೇಗೆ ಕೇಳ್ಲಿ ಭಟ್ರೇ? ನಂದು ಬಂಗೇರ. ಅವರದ್ದು ಗೊತ್ತಿಲ್ಲ."

"ನೀವು ಕೇಳುದು ಬೇಡ. ನಾನು ಎಷ್ಟು ಗೋತ್ರ ವಿಚಾರಿಸಿದವ, ಇದೊಂದು ಬರಿ ದೊಡ್ಡದಾ? ನೆರಿಯದಲ್ಲಿ ನಮ್ಮ ವೆಂಕಪ್ಪ ಉಂಟಲ್ಲ, ಮೊದಲು ಅಂಚೆ ಹಂಚ್ತಿದ್ದವ. ಅವನಿಗೆ ಊರಿನ ನಾಯಿಯ ವಂಶವೂ ಗೊತ್ತು."

ಭಟ್ಟರು ಮೊಬೈಲು ಹಿಡಿದು ಜಗಲಿಗೆ ಹೋದರು. ಆ ಏಳು ನಿಮಿಷದಲ್ಲಿ ರೈಗಳು ಗುಂಡುಸೂಜಿಗಳನ್ನು ಮೂರು ಸಲ ತಿರುಗಿಸಿ ಜೋಡಿಸಿದರು. ಭಟ್ಟರು ಬಂದು, ಕಡತ ವಿಲೇವಾರಿ ಮಾಡಿದ ಮುಖದಲ್ಲಿ, "ಕುಂದರ್" ಎಂದರು. "ಅವರದ್ದು ಕುಂದರ್, ನಿಮ್ಮದು ಬಂಗೇರ. ಆಕ್ಷೇಪಣೆ ಇಲ್ಲ. ಮುಂದುವರಿಸಬಹುದು."

ಲೋಕನಾಥ ರೈಗಳ ಎದೆಯಲ್ಲಿ ಯಾವುದೋ ಹಳೆಯ ಬೀರುವಿನ ಬಾಗಿಲು ಕಿರ್ರೆಂದಿತು. ಅಷ್ಟು ಹೊತ್ತು ಬರೀ ಊಟ ಇದ್ದದ್ದು, ಈಗ ಊಟದ ಒಳಗೆ ಮದುವೆ ಬಂದು ಕೂತಿತು.

ವಿಜೇತಾ ಕೂಡ ಸುಮ್ಮನಿರಲಿಲ್ಲ. "ಸರ್, ಅಲ್ಲಿ ಕೈಯಲ್ಲಿ ತಿನ್ಲಿಕ್ಕಿಲ್ಲ. ಕಡ್ಡಿಯಲ್ಲಿ." ಎರಡು ಪೆನ್ನು ಕೊಟ್ಟು, ರಬ್ಬರ್ ಬ್ಯಾಂಡು ಎತ್ತುವ ಅಭ್ಯಾಸ ಮಾಡಿಸಿದಳು. ಕಿಟಕಿಯಲ್ಲಿ ಕಾಯುತ್ತಿದ್ದ ಒಬ್ಬ ಅರ್ಜಿದಾರ ಇದನ್ನು ಬಹಳ ಹೊತ್ತು ನೋಡಿ, "ಇದು ಹೊಸ ವ್ಯವಸ್ಥೆಯಾ? ನಾವೂ ಪೆನ್ನು ತರ್ಬೇಕಾ?" ಎಂದು ಕೇಳಿದ.

ಹನ್ನೆರಡು ಗಂಟೆಗೆ ರೈಗಳು ಬಸ್ಸು ಹತ್ತಿದರು. ಹನ್ನೆರಡೂ ಐದಕ್ಕೆ ಸಾಹೇಬರ ಮೇಜಿಗೆ ಮತ್ತೆರಡು ಅರ್ಜಿ ಬಂದವು, ಒಂದು ಭಟ್ಟರದ್ದು, ಒಂದು ವಿಜೇತಾಳದ್ದು. ಸ್ವಂತ ಕೆಲಸ. ಆ ದಿನ ಆವಕ-ಜಾವಕ ವಿಭಾಗದಲ್ಲಿ ಜಾವಕ ಮಾತ್ರ ನಡೆಯಿತು.

ಹೋಟೆಲಿನ ಬಾಗಿಲಲ್ಲಿ ನಿಂತಿದ್ದವಳು ಫರ್ಹಾನ, ಅಲ್ಲಿಯ ಮ್ಯಾನೇಜರು. "ಎಷ್ಟು ಜನ ಸರ್?"

ಈ ಪ್ರಶ್ನೆ ರೈಗಳಿಗೆ ಹೊಸತಲ್ಲ. ದಿನಾ ಊಟ ಮಾಡುವ ಹೋಟೆಲಿನಲ್ಲಿ "ಒಬ್ಬರಾ? ಅಲ್ಲಿ ಕೂತ್ಕೊಳ್ಳಿ" ಎಂದು ತೋರಿಸುವುದು ಕೈ ತೊಳೆಯುವ ಬೇಸಿನಿನ ಹತ್ತಿರದ ಕುರ್ಚಿ. ಇಪ್ಪತ್ತನಾಲ್ಕು ವರ್ಷ ಅವರು ಊರಿನವರು ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತ ಉಂಡಿದ್ದಾರೆ. ಎದುರಿನ ಕುರ್ಚಿಗೆ ಯಾರ್ಯಾರೋ ಬರುತ್ತಾರೆ, ಸಾಂಬಾರು ಸುರಿದುಕೊಳ್ಳುತ್ತಾರೆ, ಮುಖ ನೋಡದೆ ಎದ್ದು ಹೋಗುತ್ತಾರೆ.

"ಇಬ್ಬರು," ಎಂದರು ರೈಗಳು. ಸ್ವರ ಸ್ವಲ್ಪ ಜೋರಾಯಿತು. ಪಕ್ಕದ ಚಪ್ಪಲಿ ಅಂಗಡಿಯವನೂ ತಿರುಗಿ ನೋಡಿದ.

ಮೇಜು ಚೆನ್ನಾಗಿತ್ತು. ಗಾಜಿನ ಗೋಡೆಯ ಪಕ್ಕ, ಎರಡೇ ಕುರ್ಚಿ. ರೈಗಳು ಮೆನು ಬಿಡಿಸಿದರು. ಮೊದಲ ಹೆಸರೇ 'ಫೋ'. ತುಳುವಿನಲ್ಲಿ ಪೋ ಎಂದರೆ ಹೋಗು. ಬಂದು ಕೂತ ಕೂಡಲೇ ಹೋಗು ಎನ್ನುವ ಹೋಟೆಲು ರೈಗಳು ನೋಡಿದ್ದು ಇದೇ ಮೊದಲು. ಕೋಳಿ ಪೋ, ತರಕಾರಿ ಪೋ, ಸಿಗಡಿ ಪೋ. ಎಲ್ಲರನ್ನೂ ಓಡಿಸುವ ಪಟ್ಟಿ.

ಒಂದು ಗಂಟೆ ಆಯಿತು. ಕಾಂತಿ ಬರಲಿಲ್ಲ. ಬಂದದ್ದು ಶನಿವಾರದ ಜನ.

"ಇದು ಖಾಲಿಯಾ?" ಒಬ್ಬ ಗಡ್ಡದವನು ಎದುರಿನ ಕುರ್ಚಿಯ ಬೆನ್ನು ಹಿಡಿದ.

"ಅಲ್ಲ, ಜನ ಇದ್ದಾರೆ."

ಗಡ್ಡದವನು ಖಾಲಿ ಕುರ್ಚಿಯನ್ನೂ ರೈಗಳನ್ನೂ ನೋಡಿ, ಕರುಣೆಯಿಂದ ಹಿಂದೆ ಸರಿದ. ರೈಗಳು ಕುರ್ಚಿಯ ಮೇಲೆ ಕೊಡೆ ಇಟ್ಟರು. ಐದು ನಿಮಿಷದಲ್ಲಿ ಒಬ್ಬ ಹೆಂಗಸು ಕೊಡೆಯನ್ನು ಮೇಜಿಗೆ ಒರಗಿಸಿ, ಕುರ್ಚಿ ಎಳೆದುಕೊಂಡು ನಡೆದೇ ಬಿಟ್ಟಳು. ರೈಗಳು ಹಿಂದಿನಿಂದ ಓಡಿ ಕುರ್ಚಿ ಬಿಡಿಸಿ ತಂದರು, ಜಾತ್ರೆಯಲ್ಲಿ ತಪ್ಪಿದ ಮಗುವನ್ನು ತಂದ ಹಾಗೆ. ಮತ್ತೆ ಬ್ಯಾಗು ಇಟ್ಟರು. ಅದೂ ಸಾಲದೆ ಕೊನೆಗೆ ಚಪ್ಪಲಿ ಕಳಚಿ ತಮ್ಮ ಬಲಗಾಲನ್ನೇ ಚಾಚಿ ಅದರ ಮೇಲೆ ಇಟ್ಟು, ಒಂದು ಕಾಲಿನಲ್ಲಿ ಕುರ್ಚಿ ಕಾಯುತ್ತ ಕೂತರು.

ಈ ಗಡಿಬಿಡಿಯಲ್ಲಿ ಪ್ಲಾಸ್ಟಿಕ್ ಬಿದಿರಿನ ಕುಂಡದ ಹಿಂದೆ ಇಬ್ಬರು ಬಂದು ಕೂತದ್ದು ಅವರಿಗೆ ಕಾಣಲಿಲ್ಲ. ವಿಜೇತಾಳ ಸ್ಕೂಟರಿನ ಹಿಂದೆ ಕೂತು ಬಂದ ಭಟ್ಟರು ಮೆನು ಎತ್ತಿ ಮುಖ ಮುಚ್ಚಿಕೊಂಡಿದ್ದರು.

"ನೀರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಎಂತ ಉಂಟಮ್ಮ?" ಮೆನುವಿನ ಹಿಂದಿನಿಂದ ಸಣ್ಣ ಸ್ವರ.

"ಬಿಸಿನೀರು ಉಂಟು ಸರ್," ಎಂದಳು ಫರ್ಹಾನ.

"ಅದು ತನ್ನಿ. ಪಾತ್ರೆ ಬೇರೆ ಅಲ್ವಾ?"

ಒಂದೂ ಇಪ್ಪತ್ತಕ್ಕೆ ಕಾಂತಿ ಬಂದರು. ಎಸ್ಕಲೇಟರಿಗೆ ಹೆದರಿ ಮೆಟ್ಟಿಲು ಹತ್ತಿ ಬಂದದ್ದರಿಂದ ಏದುಸಿರು. ಹಸಿರು ಸೀರೆ, ಮುಡಿಯಲ್ಲಿ ಒಂದು ತುಂಡು ಮಲ್ಲಿಗೆ. ಬಂದವರು ತಮ್ಮ ಕುರ್ಚಿಯಲ್ಲಿ ಒಂದು ಕಾಲು ಕೂತಿರುವುದನ್ನು ನೋಡಿ ನಿಂತರು.

"ಕಾಲು ನೋವಾ ರೈಗಳೇ?"

"ಅಲ್ಲ, ಸೀಟು ಹಿಡಿದದ್ದು," ಎಂದು ರೈಗಳು ಕಾಲು ತೆಗೆದು, ಕರವಸ್ತ್ರದಲ್ಲಿ ಕುರ್ಚಿ ಒರೆಸಿದರು.

ಕಾಂತಿ ನಕ್ಕುಬಿಟ್ಟರು. "ಬಸ್ಸಿನಲ್ಲಿ ಟವೆಲ್ ಹಾಕುದು ನೋಡಿದ್ದೇನೆ. ಕಾಲು ಹಾಕುದು ಇವತ್ತೇ. ವೇಣೂರಿನಲ್ಲಿ ನಮ್ಮ ಬಸ್ಸು ಕೆಟ್ಟುಹೋಯ್ತು. ನೀವು ಹೊರಟುಹೋಗಿರ್ತೀರಿ ಅಂತ ಗ್ರಹಿಸಿದೆ."

"ನಾನೆಲ್ಲಿಗೆ ಹೋಗ್ಲಿ," ಎಂದರು ರೈಗಳು.

ಮೊದಲು ಬಂದದ್ದು ಅಕ್ಕಿ ಹಾಳೆಯ ಸುರುಳಿ. ಒಳಗಿನ ಸೊಪ್ಪು, ಕ್ಯಾರೆಟ್ಟು, ಬಾಗಿ ಮಲಗಿದ ಸಿಗಡಿ ಎಲ್ಲ ಹೊರಗಿನಿಂದಲೇ ಕಾಣುತ್ತಿತ್ತು. ಇಪ್ಪತ್ತನಾಲ್ಕು ವರ್ಷ ಕಚೇರಿಯಲ್ಲಿದ್ದರೂ ರೈಗಳು ಇಂಥ ಪಾರದರ್ಶಕತೆ ನೋಡಿರಲಿಲ್ಲ. ಕಡ್ಡಿ ಹಿಡಿದರು. ರಬ್ಬರ್ ಬ್ಯಾಂಡಿಗೂ ಸುರುಳಿಗೂ ಒಂದು ವ್ಯತ್ಯಾಸ ಉಂಟು. ರಬ್ಬರ್ ಬ್ಯಾಂಡು ಜಾರುವುದಿಲ್ಲ. ರೈಗಳು ಒತ್ತಿದ ರಭಸಕ್ಕೆ ಸುರುಳಿ ಕಡ್ಡಿಯ ನಡುವಿನಿಂದ ಚಿಮ್ಮಿ, ಪ್ಲಾಸ್ಟಿಕ್ ಬಿದಿರನ್ನು ದಾಟಿ ಆಚೆ ಬಿತ್ತು.

ಆಚೆಯಿಂದ ಒಂದು ಸದ್ದೂ ಬರಲಿಲ್ಲ. ಸಿಗಡಿ ನೇರವಾಗಿ ಭಟ್ಟರ ಬಿಸಿನೀರಿಗೆ ಬಿದ್ದಿತ್ತು. ಕೂಗಿದರೆ ಗುಟ್ಟು ರಟ್ಟು, ಸುಮ್ಮನಿದ್ದರೆ ಜಾತಿ ಕೆಟ್ಟಿತು. ಭಟ್ಟರು ಕಣ್ಣು ಮುಚ್ಚಿ ಕೂತರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಅದು ಮಂತ್ರವೋ ಬೈಗಳೋ ವಿಜೇತಾಳಿಗೆ ತಿಳಿಯಲಿಲ್ಲ.

"ಎಲ್ಲಿ ಹೋಯ್ತು?" ಕಾಂತಿ ಕೇಳಿದರು.

"ವಿಯೆಟ್ನಾಮಿಗೆ ವಾಪಸ್ಸು ಹೋಯ್ತು ಕಾಣ್ತದೆ."

"ಕಡ್ಡಿ ಬಿಡಿ ಮಾರಾಯ್ರೆ. ದೇವರು ಐದು ಬೆರಳು ಕೊಟ್ಟದ್ದು ಎಂತಕ್ಕೆ?" ಎಂದು ಕಾಂತಿ ಒಂದು ಸುರುಳಿಯನ್ನು ಕೈಯಲ್ಲೇ ಎತ್ತಿ ರೈಗಳ ತಟ್ಟೆಗೆ ಇಟ್ಟರು.

ಅವರ ತಟ್ಟೆಗೆ ಬೇರೆಯವರ ಕೈಯಿಂದ ಒಂದು ತಿಂಡಿ ಬಿದ್ದು ಎಷ್ಟೋ ವರ್ಷ ಆಗಿತ್ತು. ರೈಗಳು ಅದನ್ನು ಬಹಳ ನಿಧಾನಕ್ಕೆ ತಿಂದರು.

ಆಮೇಲೆ ಫೋ ಬಂತು. ಕೊಡಪಾನದಷ್ಟು ದೊಡ್ಡ ಬಟ್ಟಲು, ತಿಳಿ ಸಾರು, ತಳದಲ್ಲಿ ಬಿಳಿ ಎಳೆ.

"ಅಯ್ಯೊ, ಇದು ನಮ್ಮ ಶ್ಯಾವಿಗೆ ಅಲ್ವಾ?" ಎಂದರು ಕಾಂತಿ. "ನಾವು ಕೋಳಿ ಪದಾರ್ಥಕ್ಕೆ ಅದ್ದಿ ತಿಂತೇವೆ, ಇವರು ಮುಳುಗಿಸಿಯೇ ಕೊಡ್ತಾರೆ."

"ಆಟಿ ತಿಂಗಳ ಮಳೆಗೆ ನಮ್ಮ ಬಂಟ್ವಾಳದ ಹಾಗೆ. ಎಲ್ಲ ಉಂಟು, ನೀರಿನ ಅಡಿಯಲ್ಲಿ."

ಇಬ್ಬರೂ ಉಣ್ಣತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಕಾಂತಿ ಬಟ್ಟಲನ್ನೇ ನೋಡುತ್ತ ಹೇಳಿದರು. "ಒಬ್ಬರಿಗೆ ಅಂತ ಸಾರು ಮಾಡ್ಲಿಕ್ಕೆ ಬರುದಿಲ್ಲ ರೈಗಳೇ. ಎಷ್ಟು ಸಣ್ಣ ಪಾತ್ರೆ ಇಟ್ರೂ ಮೂರು ದಿನಕ್ಕೆ ಬರ್ತದೆ. ಮೂರನೇ ದಿನ ಅದಕ್ಕೂ ನನ್ನನ್ನು ನೋಡಿ ಬೇಜಾರು. ಊಟಕ್ಕೆ ಕೂತಾಗ ರೇಡಿಯೋ ಹಾಕ್ತೇನೆ. ಸುದ್ದಿ ಓದುವವರಾದ್ರೂ ಇರ್ಲಿ ಅಂತ."

"ನಾನು ಹೋಟೆಲಿನಲ್ಲಿ ಉಣ್ಣುವವ. ಜನ ತುಂಬ ಇರ್ತಾರೆ," ಎಂದರು ರೈಗಳು. ಮತ್ತೆ ಯೋಚಿಸಿ, "ಇರ್ತಾರೆ ಅಷ್ಟೇ," ಎಂದರು.

ಬಿದಿರಿನ ಆಚೆಯಿಂದ ಯಾರೋ ಗಂಟಲು ಸರಿಮಾಡಿದ ಸದ್ದು. ರೈಗಳಿಗೆ ಈಗಲೇ ಕೇಳಬೇಕು ಅನ್ನಿಸಿತು. ಹೇಗೆ ಶುರು ಮಾಡುವುದು? ಪ್ರೀತಿ ಗೀತಿ ಎಂದು ಹೇಳಲು ನಾಲಿಗೆ ತಿರುಗದು. ಮರ್ಯಾದೆಯ ಬಾಗಿಲು ಒಂದೇ.

"ಕಾಂತಿಯವರೇ, ನಿಮ್ಮದು ಕುಂದರ್ ಬರಿ ಅಲ್ವಾ?"

ಕಾಂತಿ ಚಮಚ ಕೆಳಗಿಟ್ಟರು. ಬರಿ ಕೇಳುವುದರ ಅರ್ಥ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಿವಿಯ ತುದಿ ಕೆಂಪಾಯಿತು. ಸೆರಗನ್ನು ಎರಡು ಸಲ ಸರಿಮಾಡಿಕೊಂಡು, ಗಾಜಿನ ಹೊರಗೆ ನೋಡುತ್ತ ಮೆಲ್ಲಗೆ, "ಇದನ್ನು ಕೇಳ್ಲಿಕ್ಕೆ ನಿಮಗೆ ಇಷ್ಟು ದಿನ ಬೇಕಾಯ್ತಾ?" ಎಂದರು.

ಮಾಲಿನ ಅಷ್ಟೂ ದೀಪಗಳು ರೈಗಳ ಮುಖಕ್ಕೇ ಬಿದ್ದ ಹಾಗಾಯಿತು.

"ಆದ್ರೆ ಕುಂದರ್ ಅಪ್ಪನದ್ದು," ಎಂದು ಕಾಂತಿ ನಗುತ್ತ ಮುಂದುವರಿಸಿದರು. "ನಂದು ಅಮ್ಮನದ್ದೇ ಅಲ್ವಾ, ಬಂಗೇರ. ನಿಮ್ಮದು ಯಾವುದು?"

ರೈಗಳು ಬಾಯಿಯ ಹತ್ತಿರ ತಂದ ಚಮಚವನ್ನು ತಿರುಗಿ ಬಟ್ಟಲಿಗೆ ಇಟ್ಟರು. ಬಂಟರಲ್ಲಿ ಬರಿ ಬರುವುದು ತಾಯಿಯಿಂದ. ಇದು ರೈಗಳಿಗೆ ಉಸಿರಾಟದಷ್ಟು ಗೊತ್ತು. ಗೊತ್ತಿದ್ದದ್ದರಿಂದಲೇ, ಯಾರ ಬರಿ ವಿಚಾರಿಸಿದಿರಿ ಎಂದು ಭಟ್ಟರನ್ನು ಕೇಳಬೇಕೆಂದು ತಲೆಗೆ ಹೋಗಿರಲಿಲ್ಲ. ಭಟ್ಟರಲ್ಲಿ ಗೋತ್ರ ಬರುವುದು ತಂದೆಯಿಂದ. ಭಟ್ಟರು ತಂದೆಯದ್ದು ಕೇಳಿದ್ದಾರೆ, ವೆಂಕಪ್ಪ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿದ್ದಾನೆ. ಯಾರೂ ಸುಳ್ಳು ಹೇಳಿಲ್ಲ.

ಈಗ ಹೇಳಬೇಕಾದವರು ರೈಗಳು. ಒಂದೇ ಒಂದು ಸುಳ್ಳು ಸಾಕಿತ್ತು. ಸಾಲ್ಯಾನ್, ಸುವರ್ಣ, ಕರ್ಕೇರ, ಯಾವ ಬರಿಯಾದರೂ ಆಗುತ್ತಿತ್ತು. ಎದುರಿನ ಮುಖ ಕಾಯುತ್ತಿತ್ತು. ಇಪ್ಪತ್ತನಾಲ್ಕು ವರ್ಷ ದಾಖಲೆ ಕಾದ ಮನುಷ್ಯ ಬಾಯಿ ತೆರೆದರು.

"ನಂದು ಸಾ..."

"ಬಂಗೇರ," ಎಂದು, ಕಾಂತಿಯ ಕೊನೆಯ ಪ್ರಶ್ನೆ ಮಾತ್ರ ಕೇಳಿಸಿಕೊಂಡಿದ್ದ ಶಿವಸುಬ್ರಹ್ಮಣ್ಯ ಭಟ್ಟರು ಬಿದಿರಿನ ನಡುವಿನಿಂದ ಎದ್ದು ನಿಂತರು. "ನೂರಕ್ಕೆ ನೂರು ಬಂಗೇರ ಅಮ್ಮ. ಬೆಳಿಗ್ಗೆ ಇವರ ಬಾಯಿಂದಲೇ ಕೇಳಿದ್ದೇನೆ. ಇವರಿಗೆ ನಾಚಿಕೆ ಜಾಸ್ತಿ, ತಡವರಿಸ್ತಾರೆ, ಹಾಗಾಗಿ ನಾನು ಹೇಳುದು. ಏನೂ ಅಡ್ಡಿ ಇಲ್ಲ."

"ನೀವು ಯಾರು?" ಎಂದರು ಕಾಂತಿ.

"ಆವಕ-ಜಾವಕ."

"ಭಟ್ ಸರ್, ಕೂತ್ಕೊಳ್ಳಿ," ಎಂದು ವಿಜೇತಾ ಅವರ ಅಂಗಿ ಎಳೆದಳು. ಅವಳು ಬೆಳಗಿನ ಮಾತನ್ನೂ ಈ ಮೇಜಿನ ಮಾತನ್ನೂ ಪೂರ್ತಿ ಕೇಳಿದ್ದಳು, ಅವಳ ಮನೆಯಲ್ಲೂ ಬರಿ ತಾಯಿಯಿಂದಲೇ ಬರುವುದು, ಅವಳಿಗೆ ಅರ್ಥವಾಗಿತ್ತು. "ನನ್ನ ಹತ್ರ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ ಸರ್."

"ಎಂತ ಕೇಳ್ಲಿಕ್ಕುಂಟು? ತಂದೆಯವರ ಬರಿ ಕುಂದರ್. ಮಗಳಿಗೂ ಅದೇ. ನಮ್ಮಲ್ಲಿ..."

"ನಿಮ್ಮಲ್ಲಿ," ಎಂದರು ಕಾಂತಿ.

ಭಟ್ಟರು ನಿಂತಲ್ಲೇ ವಿಷಯ ಅರ್ಥ ಮಾಡಿಕೊಂಡರು. ಮುಖ ಬಿಸಿನೀರಿನಲ್ಲಿ ನೆನೆದ ಅಕ್ಕಿ ಹಾಳೆಯ ಹಾಗೆ ಮೆತ್ತಗಾಯಿತು. ಮೆಲ್ಲಗೆ ಬಿದಿರಿನ ಹಿಂದೆ ಮುಳುಗಿದರು.

ರೈಗಳು ಕೊನೆಯ ಪ್ರಯತ್ನ ಮಾಡಿದರು. "ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ ಕಾಂತಿಯವರೇ?"

ಕಾಂತಿ ಸಾರಿನ ಮೇಲೆ ತೇಲುತ್ತಿದ್ದ ಒಂದು ಎಲೆಯನ್ನು ಚಮಚದಲ್ಲಿ ಅಂಚಿಗೆ ದೂಡಿದರು, ಅದು ತಿರುಗಿ ನಡುವಿಗೆ ಬಂತು.

"ನಾನು ನೋಡಿದ್ದೇನೆ," ಎಂದರು. "ಹೋದ ವರ್ಷ ನನ್ನ ಅಕ್ಕನ ಮಗಳು ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಒಳ್ಳೆ ಹುಡುಗ. ಬರಿ ಒಂದೇ ಆಯ್ತು. ಮನೆಯಲ್ಲಿ ಎಲ್ಲರೂ ಹೂಂ ಅಂದ್ರು, ಬೇಡ ಅಂತ ಹಟ ಹಿಡಿದವಳು ನಾನು ಒಬ್ಬಳೇ. ಆರು ತಿಂಗಳು ಅವಳು ನನ್ನ ಹತ್ರ ಮಾತಾಡ್ಲಿಲ್ಲ. ಈಗ ನಾನು ಯಾವ ಮುಖ ಇಟ್ಟುಕೊಂಡು ಹೋಗಿ ನಂದು ಮಾತ್ರ ಅಡ್ಡಿಯಿಲ್ಲ ಅಂತ ಹೇಳ್ಲಿ?"

ಆಚೆ ಮೇಜಿನ ಮಕ್ಕಳು ಯಾರದ್ದೋ ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಇಬ್ಬರೂ ಆ ಕಡೆ ನೋಡಿದ ಹಾಗೆ ಮಾಡಿದರು.

ಕಾಂತಿ ಕಣ್ಣಿನ ತುದಿ ಒತ್ತಿಕೊಂಡು, ಲೈಬ್ರೆರಿಯಲ್ಲಿ ತಪ್ಪು ಕಪಾಟಿಗೆ ಹೋದ ಪುಸ್ತಕವನ್ನು ತೆಗೆದು ಸರಿಯಾದ ಕಡೆ ಇಡುವ ಹಾಗೆ, ಕೈಯಿಂದ ಮೇಜಿನ ಮೇಲಿದ್ದ ಕಡ್ಡಿಗಳನ್ನು ಒಟ್ಟುಮಾಡಿದರು.

"ಊಟ ಮಾಡಿ ಅಣ್ಣ, ತಣ್ಣಗಾಗ್ತದೆ."

ಅಣ್ಣ ಎಂಬ ಶಬ್ದ ಮೇಜಿನ ನಡುವೆ ಬಂದು ಕೂತಿತು. ಇನ್ನು ಅದನ್ನು ಎಬ್ಬಿಸಲು ಯಾರಿಂದಲೂ ಆಗದು. ರೈಗಳು ತಲೆ ಬಗ್ಗಿಸಿ ಉಂಡರು. ಬಿದಿರಿನ ಆಚೆ ಭಟ್ಟರು ವಿಜೇತಾಳಿಗೆ, "ಏನೇ ಆಗ್ಲಿ, ಒಂದು ಸಂಬಂಧ ಕೂಡಿ ಬಂತಲ್ಲ" ಎನ್ನುವುದು ಕೇಳಿಸಿತು. ವಿಜೇತಾ ಏನು ಮಾಡಿದಳೋ, ಭಟ್ಟರ ಕಾಲಿಗೆ ಪೆಟ್ಟಾದ ಸದ್ದೂ ಕೇಳಿಸಿತು.

ಉಜಿರೆಯ ಬಸ್ಸಿಗೆ ಹೊತ್ತಾಗಿತ್ತು. ಕಾಂತಿ ಎದ್ದು ಬ್ಯಾಗು ಹೆಗಲಿಗೆ ಹಾಕಿ, ಎರಡು ಹೆಜ್ಜೆ ಹೋಗಿ, ತಿರುಗಿ ಬಂದರು. ರೈಗಳು ಕುರ್ಚಿಯಿಂದ ಅರ್ಧ ಎದ್ದರು.

"ಅಣ್ಣ, ಹೇಗೆ ಕೇಳುದು ಅಂತ ಗೊತ್ತಾಗುದಿಲ್ಲ. ಅದೇ ಅಕ್ಕನ ಮಗಳಿಗೆ ಈಗ ವೇಣೂರಿನಿಂದ ಒಂದು ಸಂಬಂಧ ಬಂದಿದೆ. ನಮ್ಮ ಅಮ್ಮನ ಮನೆಯಲ್ಲಿ ಮುಂದೆ ನಿಂತು ಮಾತಾಡ್ಲಿಕ್ಕೆ ಗಂಡಸರು ಅಂತ ಯಾರೂ ಉಳಿದಿಲ್ಲ. ನೀವು ಒಂದೇ ಬರಿಯವರು, ಸೋದರಮಾವ ಅಂತ ನೀವೇ ನಿಂತು ನಡೆಸಿ ಕೊಡ್ಬೇಕು."

ರೈಗಳು ಒಂದು ಕ್ಷಣ ಬಟ್ಟಲಿನ ತಳ ನೋಡಿದರು. "ಆಯ್ತು," ಎಂದರು. "ಎಂತ ಮಾಡ್ಬೇಕು ಹೇಳಿ."

"ಈಗ ಒಂದೇ ಕೆಲಸ. ಮಂಗಳವಾರದ ಒಳಗೆ ಹುಡುಗನ ಬರಿ ಯಾವುದು ಅಂತ ವಿಚಾರಿಸಿ," ಎಂದರು ಕಾಂತಿ. "ತಾಯಿ ಕಡೆಯದ್ದು ಕೇಳಿ ಅಣ್ಣ."